ಕಣ್ಣು ನಾಯಕನದು, ಮುಖ ಎಲ್ಲಿ?

ನಟಿ ಆಡ್ರೆ ಟಾಟರ್ ಮುತ್ತಿಡಲೆಂದು ಮುಂದಕ್ಕೆ ಬಾಗುತ್ತಾರೆ. ಎದುರಿಗೆ ನಾಯಕನಿಲ್ಲ, ಕ್ಯಾಮೆರಾದ ಲೆನ್ಸ್ ಇದೆ. ಪತ್ತೇದಾರ ಫಿಲಿಪ್ ಮಾರ್ಲೋ ಏನನ್ನು ನೋಡುತ್ತಾನೋ ಅದನ್ನಷ್ಟೇ ಪ್ರೇಕ್ಷಕನೂ ನೋಡಬೇಕು ಎಂಬುದು 1947ರ ‘ಲೇಡಿ ಇನ್ ದಿ ಲೇಕ್’ ಚಿತ್ರದ ನಿರ್ದೇಶಕರೂ ನಾಯಕರೂ ಆಗಿದ್ದ ರಾಬರ್ಟ್ ಮಾಂಟ್ಗೊಮರಿ ಅವರ ಹಟ. ಮಾರ್ಲೋ ಸಿಗರೇಟು ಸೇದಿದರೆ ಹೊಗೆ ತೆರೆಯ ಕೆಳಗಿನಿಂದ ಏಳುತ್ತದೆ. ಯಾರಾದರೂ ಗುದ್ದಿದರೆ ಮುಷ್ಟಿ ನಮ್ಮ ಮೂಗಿನತ್ತಲೇ ಬರುತ್ತದೆ. ಅವನ ಮುಖ ಕಾಣುವುದು ಕನ್ನಡಿಯ ಎದುರು ನಿಂತಾಗ, ಇಲ್ಲವೇ ನಡುನಡುವೆ ಮೇಜಿನ ಬಳಿ ಕುಳಿತು ನಮಗೇ ಕತೆ ಹೇಳುವಾಗ. ಲೆನ್ಸಿನತ್ತ ನೋಡಬಾರದು ಎಂಬ ಪಾಠವನ್ನು ವರ್ಷಗಟ್ಟಲೆ ಕಲಿತಿದ್ದ ನಟನಟಿಯರು ಇಲ್ಲಿ ಅದನ್ನೇ ದಿಟ್ಟಿಸಿ ಪ್ರೀತಿಸಬೇಕು, ಬೆದರಿಸಬೇಕು, ಸುಳ್ಳು ಹೇಳಬೇಕು.

ಇಷ್ಟೆಲ್ಲ ಮಾಡಿದರೂ ಮಾರ್ಲೋ ನಮ್ಮವನಾಗುವುದಿಲ್ಲ. ಗುದ್ದು ಬೀಳುತ್ತದೆ, ಆದರೆ ನೋಯುವ ಮುಖವೇ ತೆರೆಯ ಮೇಲಿಲ್ಲ. ಹೆಣ್ಣು ಹತ್ತಿರ ಬರುತ್ತಾಳೆ, ಅವನ ಎದೆ ಹಾರಿತೋ ಇಲ್ಲವೋ ತಿಳಿಯದು. ಇನ್ನೊಂದು ತೊಡಕೂ ಇದೆ. ನಮ್ಮ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಬೇಡದ್ದನ್ನು ಬಿಟ್ಟುಬಿಡುತ್ತದೆ. ಆ ಕಾಲದ ಭಾರೀ ಕ್ಯಾಮೆರಾ ಮದುವೆ ಮನೆಯ ಹಿರಿಯರ ಹಾಗೆ ನಿಧಾನವಾಗಿ ಕತ್ತು ತಿರುಗಿಸುತ್ತದೆ. ವಿಡಿಯೊ ಗೇಮ್ ಆಡಿ ಬೆಳೆದವರಿಗೆ ಈ ನೋಟ ಹೊಸದಲ್ಲ, ನಿಜ. ಆದರೆ ಅಲ್ಲಿ ಗುಂಡಿ ಒತ್ತುವ ಕೈ ಅವರದೇ. ಸಿನಿಮಾದಲ್ಲಿ ನಾವು ಕೈಕಟ್ಟಿ ಕುಳಿತವರು.

ಪಾತ್ರದ ಕಣ್ಣಿನಿಂದ ತೋರಿಸುವ ಆಸೆ ಸಿನಿಮಾದಷ್ಟೇ ಹಳೆಯದು. 1900ರಲ್ಲಿ ಇಂಗ್ಲೆಂಡಿನ ಜಿ.ಎ. ಸ್ಮಿತ್ ತೆಗೆದ ಪುಟ್ಟ ಚಿತ್ರವೊಂದರಲ್ಲಿ ಹುಡುಗನೊಬ್ಬ ಅಜ್ಜಿಯ ಭೂತಗನ್ನಡಿ ಹಿಡಿದು ಗಡಿಯಾರ, ಪಂಜರದ ಹಕ್ಕಿ, ಅಜ್ಜಿಯ ಕಣ್ಣು, ಕೊನೆಗೆ ಬೆಕ್ಕಿನ ಮರಿಯನ್ನು ನೋಡುತ್ತಾನೆ. ಅವನು ನೋಡಿದ್ದು ಕಪ್ಪು ಚೌಕಟ್ಟಿನ ನಡುವೆ ದುಂಡಗೆ, ದೊಡ್ಡದಾಗಿ ಕಾಣುತ್ತದೆ. ಹುಡುಗನ ಶಾಟ್, ಬಳಿಕ ಅವನು ಕಂಡದ್ದರ ಶಾಟ್: ಪಿಒವಿ (ಪಾಯಿಂಟ್ ಆಫ್ ವ್ಯೂ), ಅಂದರೆ ಪಾತ್ರದ ಕಣ್ಣಿನಿಂದ ಕಂಡ ಶಾಟಿನ ವ್ಯಾಕರಣ ಅಷ್ಟರಲ್ಲೇ ಮುಗಿದಿದೆ.

1924ರಲ್ಲಿ ಜರ್ಮನಿಯ ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಕ್ಯಾಮೆರಾವನ್ನು ಮೈಗೆ ಕಟ್ಟಿಕೊಂಡರು. ಮುರ್ನಾವ್ ನಿರ್ದೇಶನದ ‘ದಿ ಲಾಸ್ಟ್ ಲಾಫ್’ನಲ್ಲಿ ಹೋಟೆಲಿನ ಬಾಗಿಲು ಕಾಯುವ ಮುದುಕನನ್ನು ಶೌಚಾಲಯದ ಕೆಲಸಕ್ಕೆ ತಳ್ಳುತ್ತಾರೆ. ಅವನು ಕುಡಿದು ಓಲಾಡಿದಾಗ ಇಡೀ ಕೋಣೆಯೇ ಓಲಾಡುತ್ತದೆ. ಅಲ್ಲಿ ಅಮಲಿಗೂ ಒಂದು ನೋಟ ಸಿಕ್ಕಿತು. ಆದರೆ ಮುರ್ನಾವ್ ಮುದುಕನಾಗಿ ನಟಿಸಿದ ಎಮಿಲ್ ಯಾನಿಂಗ್ಸ್ ಅವರ ಮುಖವನ್ನು ಬಿಟ್ಟುಕೊಡಲಿಲ್ಲ. ಮಾಂಟ್ಗೊಮರಿ ಮರೆತದ್ದು ಇದನ್ನು.

ಮುಖ ಯಾಕೆ ಬೇಕು ಎಂಬುದನ್ನು ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ಮುಖವನ್ನೇ ಉದಾಹರಣೆಯಾಗಿ ಕೊಟ್ಟು ಹೇಳುತ್ತಿದ್ದರು. ಒಬ್ಬ ಮುದುಕ ಏನನ್ನೋ ನೋಡುತ್ತಾನೆ, ನಗುತ್ತಾನೆ. ನಡುವೆ ತಾಯಿ ಮಗುವಿನ ಶಾಟ್ ಇಟ್ಟರೆ ಅವನು ಸಜ್ಜನ. ಅದನ್ನು ತೆಗೆದು ಈಜುಡುಗೆಯ ಹುಡುಗಿಯನ್ನು ಇಟ್ಟರೆ ಅದೇ ನಗು ಅವನನ್ನು ಚಪಲಚಿತ್ತನನ್ನಾಗಿ ಮಾಡುತ್ತದೆ. ರಷ್ಯಾದ ನಿರ್ದೇಶಕ ಕುಲೆಶೋವ್ ಅವರ ಪ್ರಯೋಗದಿಂದ ಬಂದ ಪಾಠ ಇದು.

1954ರ ‘ರಿಯರ್ ವಿಂಡೋ’ದಲ್ಲಿ ಹಿಚ್‌ಕಾಕ್ ಇದನ್ನೇ ಒಂದು ಪೂರ್ತಿ ಚಿತ್ರಕ್ಕೆ ಹಿಗ್ಗಿಸಿದರು. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿರುವ ಫೋಟೋಗ್ರಾಫರ್, ಎದುರು ಮನೆಗಳ ಕಿಟಕಿಗಳು, ಮತ್ತೆ ಅವನ ಮುಖ. ರಾಬರ್ಟ್ ಬರ್ಕ್ಸ್ ಅವರ ಕ್ಯಾಮೆರಾ ಅವನ ಕೋಣೆಯನ್ನು ಬಿಟ್ಟು ಹೊರಡುವುದೇ ಅಪರೂಪ. ಹೀಗಿದ್ದೂ ಒಂದು ಕಡೆ ಹಿಚ್‌ಕಾಕ್ ಕೈಚಳಕ ತೋರಿಸುತ್ತಾರೆ. ಫೋಟೋಗ್ರಾಫರ್ ನಿದ್ದೆಹೋಗಿದ್ದಾನೆ. ಅವನು ಶಂಕಿಸುತ್ತಿರುವ ನೆರೆಯವನು ಕಪ್ಪು ಉಡುಪಿನ ಹೆಂಗಸೊಬ್ಬಳ ಜೊತೆ ಮನೆಯಿಂದ ಹೊರಬೀಳುತ್ತಾನೆ. ಅದನ್ನು ಕಂಡವರು ನಾವು ಮಾತ್ರ. ಮುಂದೆ ಫೋಟೋಗ್ರಾಫರ್ ಅನುಮಾನಪಟ್ಟಾಗಲೆಲ್ಲ ನಮಗೆ ಅವನ ಮೇಲೂ ಸಣ್ಣ ಅನುಮಾನ. ಯಾರ ಕಣ್ಣು ಎಂಬ ಪ್ರಶ್ನೆಯ ಪಕ್ಕದಲ್ಲಿ ಯಾರಿಗೆ ಎಷ್ಟು ಗೊತ್ತು ಎಂಬ ಪ್ರಶ್ನೆಯೂ ಬಂದು ಕುಳಿತಿತು.

ನನಗೆ ಇದೆಲ್ಲಕ್ಕಿಂತ ಹತ್ತಿರದ್ದು ಸತ್ಯಜಿತ್ ರೇ ಅವರ ‘ಚಾರುಲತಾ’ (1964). ಹತ್ತೊಂಬತ್ತನೇ ಶತಮಾನದ ಕಲ್ಕತ್ತೆ, ದೊಡ್ಡ ಮನೆ, ಮಾಡಲು ಕೆಲಸವಿಲ್ಲದ ಹೆಂಡತಿ. ಅವಳು ಹಿಡಿಕೆಯಿರುವ ಪುಟ್ಟ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ, ಪಟ್ಟಿಗಳ ಸಂದಿಯಿಂದ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಆಗ ಗಂಡ ಭೂಪತಿ ಪುಸ್ತಕದಲ್ಲಿ ಮುಳುಗಿ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವಳನ್ನು ಗಮನಿಸುವುದಿಲ್ಲ. ಚಾರು ಅದೇ ದುರ್ಬೀನನ್ನು ಎತ್ತಿ ಅವನ ಬೆನ್ನನ್ನು ನೋಡುತ್ತಾಳೆ. ಬೀದಿಯ ಅಪರಿಚಿತರ ಸಾಲಿಗೆ ಗಂಡನೂ ಸೇರಿದ. ಅವಳು ಕೈ ಇಳಿಸುತ್ತಿದ್ದಂತೆ ಚಿತ್ರ ಸರ್ರನೆ ಹಿಂದಕ್ಕೆ ಸರಿದು ಆ ದೊಡ್ಡ ಮನೆಯಲ್ಲಿ ಅವಳನ್ನು ಒಂಟಿಯಾಗಿ ನಿಲ್ಲಿಸುತ್ತದೆ. ಒಂದು ಮಾತೂ ಇಲ್ಲ.

ಛಾಯಾಗ್ರಾಹಕ ಸುಬ್ರತ ಮಿತ್ರ ತೋಟದ ಉಯ್ಯಾಲೆಯ ದೃಶ್ಯದಲ್ಲಿ ಬೇರೆಯೇ ದಾರಿ ಹಿಡಿದರು. ಕ್ಯಾಮೆರಾ ಉಯ್ಯಾಲೆಯ ಜೊತೆಗೇ ತೂಗುತ್ತದೆ. ಚಾರುವಿನ ಮುಖ ತೆರೆಯಲ್ಲಿ ನಿಂತಿದೆ, ಹಿಂದಿನ ಜಗತ್ತು ಹೋಗಿ ಬರುತ್ತಿದೆ. ಇದು ಅವಳು ಕಂಡ ನೋಟವಲ್ಲ, ಕಾಣುತ್ತಿರುವುದು ಅವಳೇ. ಆದರೂ ಎದೆಯೊಳಗಿನ ತೂಗಾಟ ನಮಗೂ ತಾಗುತ್ತದೆ.

ಕನ್ನಡದಲ್ಲಿ ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ‘ಯಾರಿಗೆ ಎಷ್ಟು ಗೊತ್ತು’ ಎಂಬ ಆ ಎರಡನೇ ಪ್ರಶ್ನೆಯ ಚಿತ್ರ. ವೇದಪಾಠಶಾಲೆಗೆ ಬಂದ ಬಾಲಕ ನಾಣಿ ವಿಧವೆ ಯಮುನಕ್ಕನನ್ನು ನೆರಳಿನಂತೆ ಅಂಟಿಕೊಂಡಿರುತ್ತಾನೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಚಿತ್ರಣದಲ್ಲಿ ಅವನು ಎಲ್ಲವನ್ನೂ ನೋಡುತ್ತಾನೆ, ಆದರೆ ಅರ್ಧಕ್ಕರ್ಧ ಅವನಿಗೆ ತಿಳಿಯದು. ಅವಳು ಬಸುರಿ ಎಂಬುದು ಅವನಿಗಿಂತ ಮೊದಲು ನಮಗೆ ಹೊಳೆಯುತ್ತದೆ. ಹುಡುಗನ ಕಣ್ಣು, ದೊಡ್ಡವರ ತಿಳಿವಳಿಕೆ: ಎರಡರ ನಡುವಿನ ಅಂತರದಲ್ಲೇ ಸಂಕಟವಿದೆ.

ಹಂಗೆರಿಯ ‘ಸನ್ ಆಫ್ ಸೌಲ್’ (2015) ಈ ಅಂತರವನ್ನು ಲೆನ್ಸಿನಿಂದಲೇ ಸಾಧಿಸಿತು. ಆಶ್‌ವಿಟ್ಜ್ ಶಿಬಿರದಲ್ಲಿ ಹೆಣ ಸಾಗಿಸುವ ಕೈದಿಯ ಮುಖಕ್ಕೋ ಕತ್ತಿನ ಹಿಂಭಾಗಕ್ಕೋ ಕ್ಯಾಮೆರಾ ಅಂಟಿಕೊಂಡಿರುತ್ತದೆ, ಸುತ್ತಲಿನದೆಲ್ಲ ಫೋಕಸ್ ತಪ್ಪಿ ಮಸುಕು. ಬದುಕಿರಬೇಕಾದರೆ ನೋಡದಿರುವುದನ್ನು ಕಲಿತವನ ದೃಷ್ಟಿ ಅದು.

ಮಾಂಟ್ಗೊಮರಿ ಅವರ ಹಟ 2024ರಲ್ಲೂ ಮರಳಿ ಬಂತು, ರಮೆಲ್ ರಾಸ್ ಅವರ ‘ನಿಕಲ್ ಬಾಯ್ಸ್’ನಲ್ಲಿ. ಛಾಯಾಗ್ರಾಹಕ ಜೋಮೊ ಫ್ರೇ. ಕಪ್ಪು ಹುಡುಗ ಎಲ್ವುಡ್ ಕಂಡದ್ದಷ್ಟೇ ನಮಗೂ ಕಾಣುತ್ತದೆ. ಅಜ್ಜಿಯ ಇಸ್ತ್ರಿಪೆಟ್ಟಿಗೆಯ ಹೊಳಪಿನಲ್ಲಿ ಅವನ ಬಿಂಬ ಒಮ್ಮೆ ಹಾದುಹೋಗುತ್ತದೆ. ಮುಂದೆ ಅವನು ಸೇರುವ ಸುಧಾರಣಾ ಶಾಲೆಯ ಊಟದ ಮೇಜಿನಲ್ಲಿ ಟರ್ನರ್ ಎಂಬವನ ಪರಿಚಯವಾಗುತ್ತದೆ. ಅದೇ ದೃಶ್ಯ ಮತ್ತೆ ಶುರುವಾಗುತ್ತದೆ, ಈ ಸಲ ಟರ್ನರ್‌ನ ಕಣ್ಣಿನಿಂದ. ಆಗ ಮೊದಲ ಬಾರಿಗೆ ಎಲ್ವುಡ್‌ನನ್ನು ನಾವು ಮುಖಾಮುಖಿ ನೋಡುತ್ತೇವೆ. ಕನ್ನಡಿಯ ಕೆಲಸವನ್ನು ಗೆಳೆಯನೊಬ್ಬ ಮಾಡಿದ.

ಮುಂದೊಂದು ದಿನ ಅಜ್ಜಿ ಮೊಮ್ಮಗನನ್ನು ನೋಡಲು ಬರುತ್ತಾಳೆ. ಭೇಟಿಗೆ ಅವಕಾಶ ಸಿಗುವುದಿಲ್ಲ. ಸಿಕ್ಕವನು ಟರ್ನರ್. ಅಜ್ಜಿ ಅವನನ್ನೇ ಅಪ್ಪಿಕೊಳ್ಳಲು ಬರುತ್ತಾಳೆ, ಅಂದರೆ ಲೆನ್ಸಿನತ್ತ, ನಮ್ಮತ್ತ. ಈ ಸಲ ಹಿಂಜರಿಯುವವರು ನಾವೇ: ಆ ಅಪ್ಪುಗೆ ಯಾರಿಗೆ ಸೇರಬೇಕಿತ್ತೆಂದು ನಮಗೆ ಗೊತ್ತು.