ಗಂಡುವೇಷದ ಸಿಪಾಯಿಗಳು: ಗುಟ್ಟು ಉಳಿದದ್ದು ಹೇಗೆ, ಬಯಲಾದದ್ದು ಎಲ್ಲಿ

ಚಿತ್ರದುರ್ಗದ ಕೋಟೆಯಲ್ಲಿ ತಣ್ಣೀರು ದೋಣಿ ಹತ್ತಿರದ ಕಿಂಡಿಗೆ ಇಳಿದವರಿಗೆ ಗೊತ್ತು: ಮೈ ಬಗ್ಗಿಸದೆ ನುಸುಳಲಾಗದು, ಅದೂ ಒಬ್ಬೊಬ್ಬರೇ. ಹೈದರಾಲಿಯ ಸೈನಿಕರು ಅಲ್ಲಿ ತಲೆ ತೂರಿಸಿದ ಹಾಗೆಲ್ಲ ಕಾವಲುಗಾರನ ಹೆಂಡತಿ ಓಬವ್ವ ಒನಕೆಯಿಂದ ಬಡಿದಳೆಂದು ದುರ್ಗದ ಜನ ಹೇಳಿಕೊಂಡು ಬಂದಿದ್ದಾರೆ. ಅವಳಿಗೆ ವೇಷ ಬೇಕಾಗಲಿಲ್ಲ. ಯುದ್ಧವೇ ಮನೆಬಾಗಿಲಿಗೆ ಬಂದಿತ್ತು. ಸಂಬಳ ಕೊಟ್ಟು ಹೆಸರು ಬರೆದುಕೊಳ್ಳುವ ಪಡೆಗೆ ಸೇರಬೇಕೆಂದವಳು ಮಾತ್ರ ಗಂಡಾಗಬೇಕಿತ್ತು.

ದುರ್ಗ ಹೈದರನ ಕೈಸೇರಿದ್ದು 1779ರಲ್ಲಿ. ಅದಕ್ಕೆ ಸುಮಾರು 30 ವರ್ಷ ಮೊದಲು, ಫ್ರೆಂಚರ ಮೇಲೆ ಕಾದಲು ತಮಿಳು ಕರಾವಳಿಗೆ ಬಂದಿಳಿದ ಇಂಗ್ಲಿಷ್ ಪಡೆಯಲ್ಲಿ ‘ಜೇಮ್ಸ್ ಗ್ರೇ’ ಎಂಬ ಸಿಪಾಯಿ ಇದ್ದ. ನಿಜವಾದ ಹೆಸರು ಹನ್ನಾ ಸ್ನೆಲ್. ತೊಡೆಸಂದಿಗೆ ಹೊಕ್ಕ ಗುಂಡನ್ನು ಪಡೆಯ ವೈದ್ಯರಿಂದ ಮುಚ್ಚಿಟ್ಟು, ಸ್ಥಳೀಯ ಹೆಂಗಸೊಬ್ಬಳ ಸಹಾಯದಿಂದ ತೆಗೆದೆನೆಂದು ಆಕೆಯೇ ಹೇಳಿಕೊಂಡಿದ್ದಾಳೆ. 1750ರಲ್ಲಿ ಊರಿಗೆ ಮರಳಿ ತಾನಾಗಿಯೇ ಗುಟ್ಟು ಬಿಚ್ಚಿದಳು, ಪಿಂಚಣಿಯೂ ಸಿಕ್ಕಿತು.

ಅಷ್ಟು ದಿನ ಹೇಗೆ ಸಿಕ್ಕಿಬೀಳಲಿಲ್ಲ? ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಇದಕ್ಕೆ ವಿವರವಾದ ಉತ್ತರವಿದೆ. ಭರ್ತಿಯ ವೇಳೆ ಬಟ್ಟೆ ಬಿಚ್ಚಿಸಿ ನೋಡಬೇಕೆಂಬ ನಿಯಮವಿದ್ದರೂ ಎಷ್ಟೋ ವೈದ್ಯರು ಹಲ್ಲು, ಬೆರಳು ನೋಡಿ ಕಳಿಸುತ್ತಿದ್ದರು. ಕಾಗದದ ತೋಟಾ ಕಚ್ಚಿ ಹರಿಯಲು ಮುಂದಿನ ಹಲ್ಲು ಬೇಕು, ಟ್ರಿಗರ್ ಎಳೆಯಲು ತೋರುಬೆರಳು ಬೇಕು, ಅಷ್ಟಿದ್ದರೆ ಸಾಕು. ಮೀಸೆ ಮೂಡದ ಹುಡುಗರು ಪಡೆಯಲ್ಲಿ ಬೇಕಾದಷ್ಟಿದ್ದುದರಿಂದ ನುಣುಪು ಗಲ್ಲ, ಎಳೆ ದನಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಎದೆಗೆ ಬಿಗಿದ ಬಟ್ಟೆ, ಮೇಲೆ ದೊಗಳೆ ಉಣ್ಣೆ ಕೋಟು. ಮಲಗುವುದು ಉಟ್ಟ ಬಟ್ಟೆಯಲ್ಲೇ, ಸ್ನಾನ ಅಪರೂಪ, ಬಹಿರ್ದೆಸೆಗೆ ಕಾಡು. ಅರೆಹೊಟ್ಟೆ, ದಣಿವಿನಿಂದ ಕೆಲವರ ಮುಟ್ಟೇ ನಿಂತಿರಬೇಕು. ಹೀಗೆ ಕಾದಿದವರು ಕನಿಷ್ಠ 400 ಎಂಬುದು ಸಾಮಾನ್ಯ ಅಂದಾಜು.

ಗುಟ್ಟು ಕೆಡುತ್ತಿದ್ದುದು ಹೆಚ್ಚಾಗಿ ಆಸ್ಪತ್ರೆಯಲ್ಲಿ. ‘ಫ್ರಾಂಕ್ಲಿನ್ ಥಾಂಪ್ಸನ್’ ಹೆಸರಿನ ಸಾರಾ ಎಡ್ಮಂಡ್ಸ್ 1863ರಲ್ಲಿ ಮಲೇರಿಯಾ ಹಿಡಿದಾಗ, ದಾಖಲಾದರೆ ಸಿಕ್ಕಿಬೀಳುವ ಭಯಕ್ಕೆ ಪಡೆಯನ್ನೇ ಬಿಟ್ಟು ಹೋದಳು. ‘ಓಡಿಹೋದವ’ ಎಂಬ ಕಳಂಕ ಹೊತ್ತೇ ಬದುಕಿ, 1884ರಲ್ಲಿ ಪಿಂಚಣಿ ಪಡೆದಳು.

ನನಗೆ ಎಲ್ಲಕ್ಕಿಂತ ನೋವು ಕೊಡುವುದು ಆಲ್ಬರ್ಟ್ ಕ್ಯಾಶಿಯರ್ ಕಥೆ. ಹೆಣ್ಣಾಗಿ ಹುಟ್ಟಿ, 95ನೇ ಇಲಿನಾಯ್ ಪದಾತಿದಳದಲ್ಲಿ ಮೂರು ವರ್ಷ ಕಾದಿ, ಯುದ್ಧ ಮುಗಿದ ಮೇಲೂ ಗಂಡಾಗಿಯೇ ಬಾಳಿದರು. ಅವರ ಮಟ್ಟಿಗೆ ‘ವೇಷ’ ಎಂಬ ಮಾತೇ ಒಗ್ಗುವುದಿಲ್ಲ. 1911ರಲ್ಲಿ ಮೋಟಾರು ಕಾರು ಬಡಿದು ಕಾಲು ಮುರಿದಾಗ ವೈದ್ಯರಿಗೆ ಗೊತ್ತಾಯಿತು. 1914ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸಿ, ಆ ಮುದಿ ಯೋಧನಿಗೆ ಬಲವಂತವಾಗಿ ಲಂಗ ಉಡಿಸಿದರು. ಪಿಂಚಣಿಯ ವಿಚಾರಣೆ ಎದ್ದಾಗ ಹಳೆಯ ದಳದ ಗೆಳೆಯರು ಬಂದು, ನಮ್ಮ ಜೊತೆ ಕಾದಿದವರು ಇವರೇ ಎಂದು ಸಾಕ್ಷಿ ನುಡಿದರು. 1915ರಲ್ಲಿ ತೀರಿಕೊಂಡಾಗ ಸಮವಸ್ತ್ರದಲ್ಲೇ ಮಣ್ಣು ಮಾಡಲಾಯಿತು.