ಎರಡು ಕೋಲಾರಗಳು

ನಮ್ಮ ಕೋಲಾರದ ಕಡೆ ಜಾತ್ರೆಯ ಕಾಲಕ್ಕೆ ಕುರುಕ್ಷೇತ್ರ ನಾಟಕ ಆಡುವ ತಂಡಗಳಿಗೆ ಬರವಿಲ್ಲ. ಒಂದು ತಂಡದ ಪ್ರತಿ ಇನ್ನೊಂದು ತಂಡದ ಪ್ರತಿಯಂತೆ ಇರುವುದೂ ಇಲ್ಲ. ಹಾರ್ಮೋನಿಯಂ ಮೇಷ್ಟರು ಒಂದು ಕಂದಪದ್ಯ ಸೇರಿಸುತ್ತಾರೆ, ಶಕುನಿಯ ಪಾತ್ರಧಾರಿ ತನ್ನ ಮಾತನ್ನು ಹಿಗ್ಗಿಸಿಕೊಳ್ಳುತ್ತಾನೆ, ಗಡಿಯ ಊರುಗಳಲ್ಲಿ ನಡುನಡುವೆ ತೆಲುಗು ಪದ್ಯಗಳೂ ಬಂದು ಕೂರುತ್ತವೆ. ಹಿಂದೆ ನೋಟ್‌ಬುಕ್ಕಿನಲ್ಲಿ ನಕಲಾಗುತ್ತಿದ್ದ ಈ ಪ್ರತಿಗಳು ಈಗ ಫೈಲುಗಳಾಗಿ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತವೆ. ಹೀಗೆ ನಾನು ಚಿಂತಾಮಣಿಯ ಗೆಳೆಯರೊಬ್ಬರಿಗೆ ಕಳಿಸಿದ ಪ್ರತಿಯನ್ನು ತೆರೆದವರು ಕೂಡಲೇ ಫೋನ್ ಮಾಡಿ, “ಫೈಲಿಗೆ ವೈರಸ್ ಹೊಡೆದಿದೆ” ಎಂದರು. ಪಕ್ಕದಲ್ಲಿದ್ದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ ಬಿಡಿ” ಎಂದರು.

ಎರಡೂ ಸುಳ್ಳು. ಎರಡನೆಯ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ.

ಆ ಫೈಲು ಹಳೆಯ ಆಸ್ಕಿ ಫಾಂಟಿನಲ್ಲಿತ್ತು. ಇಂಥ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಲಿಪಿಯ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಕಂಪ್ಯೂಟರಿನ ಪಾಲಿಗೆ ಅದು ರೋಮನ್ ಅಕ್ಷರಗಳ ಸಾಲು, ಕನ್ನಡವಾಗಿ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ಭೀಮನ ವೇಷ ಕಳಚಿದರೆ ಒಳಗೆ ನಮ್ಮೂರಿನ ರೈತನೇ ಇರುವ ಹಾಗೆ, ಫಾಂಟು ಇಲ್ಲದ ಮೊಬೈಲಿನಲ್ಲಿ ಒಳಗಿನ ರೋಮನ್ ಅಕ್ಷರಗಳು ಹೊರಗೆ ಬರುತ್ತವೆ. ಫೈಲಿನಲ್ಲಿ ಒಂದು ಅಕ್ಷರವೂ ಕೆಟ್ಟಿರುವುದಿಲ್ಲ.

ಯೂನಿಕೋಡ್ ದಾರಿಯೇ ಬೇರೆ. ಅದು ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ತನ್ನದೇ ಒಂದು ಅಂಕಿ ಕೊಡುವ ಪಟ್ಟಿ. ಆ ಅಂಕಿಯೇ ಅಕ್ಷರದ ಮನೆ ಎಂದುಕೊಳ್ಳಿ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಬೀದಿಯೊಂದು ಸಿಕ್ಕಿತು. ಅದರ ಹಿಂದಿನ 128 ಮನೆಗಳು ತೆಲುಗಿನವು. ಎರಡೂ ಲಿಪಿಗಳು ಭಾರತೀಯ ಲಿಪಿಗಳಿಗೆಂದು ಮೊದಲೇ ಇದ್ದ ‘ಇಸ್ಕಿ’ ಸಂಕೇತದ ಅಕ್ಷರಕ್ರಮವನ್ನೇ ಉಳಿಸಿಕೊಂಡದ್ದರಿಂದ ಕನ್ನಡದ ‘ಕ’ ತೆಲುಗಿನ ‘ಕ’ದಿಂದ ಸರಿಯಾಗಿ 128 ಮನೆ ಆಚೆಗಿದೆ. ‘ಗ’ವೂ ಅಷ್ಟೇ, ‘ಮ’ವೂ ಅಷ್ಟೇ. ಈ ಮನೆಯ ಅಂಕಿಯನ್ನು ಫೈಲಿನಲ್ಲಿ ಬೈಟು ಎಂಬ ಪುಟ್ಟ ಅಂಕಿಗಳಾಗಿ ಬರೆದಿಡುವ ಪದ್ಧತಿ ಯುಟಿಎಫ್-8. ಅದರಲ್ಲಿ ಕನ್ನಡದ ‘ಕ’ 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ತೆಲುಗಿನದು 224, 176, 149. ನಡುವಿನ ಒಂದು ಅಂಕಿಯಲ್ಲಿ ಎರಡರ ವ್ಯತ್ಯಾಸ, ಅಷ್ಟೇ! ಒಂದೇ ಲಿಪಿಯಿಂದ ಕವಲೊಡೆದ ಈ ಇಬ್ಬರು ಒಡಹುಟ್ಟಿದವರು ಅಂಕಿಗಳಲ್ಲೂ ಇಷ್ಟು ಹತ್ತಿರ ಇರುವುದನ್ನು ಮೊದಲ ಸಲ ಕಂಡ ದಿನ ಎರಡು ಭಾಷೆ ಕೇಳಿ ಬೆಳೆದ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈ ಯುಟಿಎಫ್-8ರ ಹುಟ್ಟನ್ನು ಹೇಳದೆ ಮುಂದಕ್ಕೆ ಹೋಗಲಾರೆ. 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಿದ್ದ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಮ್ಸನ್, ಸಹೋದ್ಯೋಗಿ ರಾಬ್ ಪೈಕ್ ಎದುರಿಗೆ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆಯೇ ಇದನ್ನು ರೂಪಿಸಿದರು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ನಿಂತು ರೈಲು ನೋಡುತ್ತಿದ್ದೀರಿ ಎಂದುಕೊಳ್ಳಿ. ಎಂಜಿನ್ನಿನ ಹಣೆಯ ಮೇಲೆಯೇ ಹಿಂದೆ ಎಷ್ಟು ಬೋಗಿಗಳಿವೆ ಎಂದು ಬರೆದಿದೆ. 224 ಎಂಬ ಬೈಟು ಅಂಥ ಎಂಜಿನ್, ‘ನನ್ನ ಹಿಂದೆ ಎರಡು ಬೋಗಿ’ ಎನ್ನುತ್ತದೆ. ಬೋಗಿಗಳ ಬೆಲೆ ಯಾವಾಗಲೂ 128ರಿಂದ 191ರೊಳಗೆ ಇರುವುದರಿಂದ ಬೋಗಿಯನ್ನು ಎಂಜಿನ್ ಎಂದು ತಪ್ಪು ತಿಳಿಯುವ ಸಂಭವವೇ ಇಲ್ಲ. ದಾರಿಯಲ್ಲಿ ಒಂದು ಬೈಟು ಕಳೆದುಹೋದರೆ ಒಂದು ಅಕ್ಷರ ಹಾಳಾಗುತ್ತದೆ, ಮುಂದಿನ ಎಂಜಿನ್ ಕಂಡ ಕೂಡಲೇ ಓದು ಮತ್ತೆ ಹಳಿಗೆ ಬರುತ್ತದೆ.

ಆದ್ದರಿಂದ ಆಸ್ಕಿ ಫೈಲನ್ನು ಯೂನಿಕೋಡಿಗೆ ಬದಲಿಸಿ, ಯುಟಿಎಫ್-8ರಲ್ಲಿ ಉಳಿಸಿ ಕಳಿಸುವುದೇ ಸರಿಯಾದ ದಾರಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಲಿಬ್ರೆ ಆಫೀಸ್ ಉಳಿಸುವ ಕೆಲಸಕ್ಕೆ ಸಾಕು. ಬದಲಿಸುವ ಕೆಲಸ ಅಷ್ಟು ಸುಲಭವಲ್ಲ. ಅದಕ್ಕೆ ಕನ್ನಡ ಬಲ್ಲ ಪರಿವರ್ತಕವೇ ಬೇಕು, ಒಂದು ಸಂಕೇತದ ಪಠ್ಯವನ್ನು ಇನ್ನೊಂದಕ್ಕೆ ಬದಲಿಸುವ ‘ಐಕಾನ್ವ್’ನಂಥ ಸಾಮಾನ್ಯ ಸಾಧನಕ್ಕೆ ಇದು ಎಟುಕುವುದಿಲ್ಲ. ‘ಧರ್ಮರಾಯ’ ಎಂಬ ಹೆಸರನ್ನೇ ನೋಡಿ. ಆಸ್ಕಿಯಲ್ಲಿ ಕಣ್ಣಿಗೆ ಕಾಣುವ ಕ್ರಮ: ಧ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಿ ಉಚ್ಚರಿಸುವ ಕ್ರಮ: ಧ, ರ, ಹಲಂತ, ಮ. ಪರಿವರ್ತಕವು ಅರ್ಕಾವತ್ತನ್ನು ಎತ್ತಿ ಮಕಾರಕ್ಕಿಂತ ಮೊದಲು ತಂದು ಕೂರಿಸಬೇಕು.

ಇನ್ನು ‘ಕೋಲಾರ’. ಆಸ್ಕಿ ಫಾಂಟಿನಲ್ಲಿ ‘ಕೋ’ ಬರೆಯಲು ಕಕಾರಕ್ಕೆ ಎತ್ವ, ಆಮೇಲೆ ಊಕಾರದ ಕೊಂಬು, ಕೊನೆಗೆ ದೀರ್ಘ ಎಂದು ತುಂಡುಗಳನ್ನು ಜೋಡಿಸುತ್ತಾರೆ. ಯೂನಿಕೋಡಿನಲ್ಲಿ ಓತ್ವಕ್ಕೆ ತನ್ನದೇ ಒಂದು ಮನೆಯಿದೆ. ಆದರೆ ಆ ಮೂರು ತುಂಡುಗಳಾಗಿ ಬಿಡಿಸಿ ಬರೆದರೂ ಅದು ಸಮಾನವೆಂದೇ ಯೂನಿಕೋಡ್ ಒಪ್ಪುತ್ತದೆ. ಶಾಲೆಯಲ್ಲಿ ಸಂಧಿ ಬಿಡಿಸಿದ ಹಾಗೆ: ‘ಊರಲ್ಲಿ’ ಎಂದರೂ ‘ಊರು + ಅಲ್ಲಿ’ ಎಂದರೂ ಅರ್ಥ ಒಂದೇ, ಬರೆದದ್ದು ಬೇರೆ. ಹೆಣೆದ ಹಾರಕ್ಕೂ ಬುಟ್ಟಿಯಲ್ಲಿರುವ ಅದೇ ಬಿಡಿ ಹೂಗಳಿಗೂ ಇರುವ ವ್ಯತ್ಯಾಸ ಇದು. ಕೂಡಿಸಿ ಬರೆದ ‘ಕೋಲಾರ’ ಐದು ಸಂಕೇತ (ಅಂದರೆ ಐದು ಮನೆ), 15 ಬೈಟು. ಬಿಡಿಸಿ ಬರೆದ ‘ಕೋಲಾರ’ ಏಳು ಸಂಕೇತ, 21 ಬೈಟು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಬೈಟುಗಳನ್ನಷ್ಟೇ ಹೋಲಿಸುವ ತಂತ್ರಾಂಶ ಒಂದನ್ನು ಹುಡುಕಿದರೆ ಇನ್ನೊಂದನ್ನು ಕಾಣುವುದಿಲ್ಲ.

ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಏರ್ಪಾಡು) ಫೈಲಿನ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್ ಕಂಪ್ಯೂಟರಿಗೆ ಬಂದ ಫೈಲುಗಳಿಂದಾಗಿ ಒಂದೇ ಫೋಲ್ಡರಿನಲ್ಲಿ ಎರಡು ‘ಕೋಲಾರ’ ಕುಳಿತಿರುವುದನ್ನು ನಾನೇ ಕಂಡಿದ್ದೇನೆ. ‘ಕಾನ್ವ್‌ಎಂವಿ’ ಎಂಬ ಉಚಿತ ಸಾಧನ ಹೆಸರುಗಳನ್ನು ಮತ್ತೆ ಕೂಡಿಸಿಕೊಡುತ್ತದೆ.

ಚಿಂತಾಮಣಿಯವರು ತಮ್ಮ ಬದಲಾವಣೆಗಳೊಂದಿಗೆ ನಾಟಕವನ್ನು ತಿರುಗಿ ಕಳಿಸಿದಾಗ ಎರಡು ಪ್ರತಿಗಳನ್ನು ‘ಡಿಫ್’ನಲ್ಲಿ ಹೋಲಿಸಿದೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಪುಟ್ಟ ಸಾಧನ ಎರಡು ಪಠ್ಯಗಳ ನಡುವೆ ಬದಲಾದ ಸಾಲುಗಳನ್ನಷ್ಟೇ ಹೆಕ್ಕಿಕೊಡುತ್ತದೆ. ಮೊದಲ ಸಲ ಅದು ದುರ್ಯೋಧನ, ದ್ರೋಣ, ಅಶ್ವತ್ಥಾಮ ಎಂಬ ಹೆಸರಿದ್ದ ಸಾಲುಗಳ ಪೈಕಿ ಮೊದಲ ಎರಡನ್ನು ಬದಲಾಗಿವೆ ಎಂದು ಸಾಲಾಗಿ ತೋರಿಸಿ, ಅಶ್ವತ್ಥಾಮನನ್ನು ಮಾತ್ರ ಸುಮ್ಮನೆ ಬಿಟ್ಟಿತು. ಒಂದು ಪ್ರತಿಯಲ್ಲಿ ಓತ್ವವನ್ನು ಕೂಡಿಸಿ, ಇನ್ನೊಂದರಲ್ಲಿ ಬಿಡಿಸಿ ಬರೆದಿತ್ತು. ಅವನ ಹೆಸರಿನಲ್ಲಿ ಓತ್ವ ಇಲ್ಲ! ಎರಡೂ ಪ್ರತಿಗಳನ್ನು ಕೂಡಿಸಿದ ರೂಪಕ್ಕೆ ತಂದು ಮತ್ತೆ ಹೋಲಿಸಿದೆ. ಆಗ ಉಳಿದದ್ದು ಅವರು ಸೇರಿಸಿದ್ದ ತೆಲುಗು ಪದ್ಯಗಳು ಮತ್ತು ಶಕುನಿಯ ಉದ್ದನೆಯ ಒಂದು ಮಾತು. ಆ ಸಾಲುಗಳನ್ನು ನಮ್ಮ ಪ್ರತಿಗೆ ಸೇರಿಸಿ, ಪಕ್ಕದಲ್ಲಿ ‘ಚಿಂತಾಮಣಿ ತಂಡದ್ದು’ ಎಂದು ಗುರುತು ಹಾಕಿದ್ದೇನೆ.