‘ಫಿಟ್’ ಅಂತ ಬರೆಯುವ ಮೊದಲು, ಕೆಲಸ ಏನು ಅಂತ ಹೇಳಿ

ಖಿನ್ನತೆಗೋ, ಉನ್ಮಾದ ಮತ್ತು ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೋ ಚಿಕಿತ್ಸೆ ಪಡೆದು ಕೆಲಸಕ್ಕೆ ಮರಳುವವರಿಗೆ ಕಂಪನಿಯಿಂದ ಒಂದು ಇಮೇಲ್ ಬರುತ್ತದೆ. ಒಕ್ಕಣೆ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ‘ಸಂಪೂರ್ಣ ಗುಣವಾಗಿದೆ, ಮತ್ತೆ ಮರುಕಳಿಸುವುದಿಲ್ಲ ಎಂದು ಮನೋವೈದ್ಯರಿಂದ ಬರೆಸಿಕೊಂಡು ಬನ್ನಿ.’ ಇದನ್ನು ನಾನು ಬರೆದುಕೊಡುವುದಿಲ್ಲ. ಪ್ರಾಮಾಣಿಕವಾಗಿ ಯಾವ ಡಾಕ್ಟರಿಗೂ ಬರೆಯಲು ಆಗುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರನ್ನು ‘ಇನ್ನು ಎದೆನೋವು ಬರಲ್ಲ ಅಂತ ಬರೆಸಿಕೊಂಡು ಬಾ’ ಅಂತ ಯಾರಾದರೂ ಕೇಳುತ್ತಾರಾ? ಅವರಿಗೆ ಹೂಗುಚ್ಛ ಕೊಟ್ಟು, ಮೆಟ್ಟಿಲು ಹತ್ತಬೇಡಿ ಅನ್ನುತ್ತಾರೆ.

ನಾನು ಬರೆಯಬಹುದಾದದ್ದು ಬೇರೆ. ಇವರು ಈ ಕೆಲಸವನ್ನು, ದಿನಕ್ಕೆ ಇಷ್ಟು ಹೊತ್ತು, ಈ ಎಚ್ಚರಿಕೆಗಳೊಂದಿಗೆ ಮಾಡಬಹುದು ಅಂತ. ಅದಕ್ಕೆ ಕೆಲಸ ಏನು ಅಂತ ನನಗೆ ಗೊತ್ತಿರಬೇಕು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ‘ಸೀನಿಯರ್ ಅಸೋಸಿಯೇಟ್’ ಅಂತ ಹುದ್ದೆಯ ಹೆಸರು ಬರೆದು ಸುಮ್ಮನಾಗುತ್ತಾರೆ. ಅದರಿಂದ ನನಗೇನು ಗೊತ್ತಾಗಬೇಕು?

ಬದಲಿಗೆ ಎಚ್‌ಆರ್ ವಿಭಾಗದಿಂದ ಫೋನ್ ಬರುತ್ತದೆ. ‘ಡಾಕ್ಟ್ರೇ, ಅವರಿಗೆ ನಿಜವಾಗಿ ಏನಾಗಿತ್ತು? ಇನ್ಶೂರೆನ್ಸ್ ಕಟ್ಟೋರು ನಾವೇ ಅಲ್ವಾ?’ ಕಟ್ಟಿರಬಹುದು. ಆದರೂ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಈ ಮಾಹಿತಿಯನ್ನು ಗೋಪ್ಯವಾಗಿಡಬೇಕು. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವು ವಿನಾಯಿತಿಗಳಿವೆ. ಸಂಬಳ ಕೊಡುವವರು ಕೇಳಿದರು ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ.

ಕಾನೂನು ಬದಿಗಿರಲಿ. ಕಾಯಿಲೆಯ ಹೆಸರು ಹೇಳಿದರೂ ನಿಮಗೆ ಏನೂ ಉಪಯೋಗವಿಲ್ಲ. ಬೈಪೋಲಾರ್ ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು ಜಯನಗರದ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ, ಹತ್ತರಿಂದ ಐದೂವರೆ. ಅವರ ಪತ್ರ ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಇನ್ನೊಬ್ಬರು ಪೀಣ್ಯದ ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಲ್ಲುತ್ತಾರೆ, ಶಿಫ್ಟ್ ವಾರವಾರ ಬದಲಾಗುತ್ತದೆ. ಈ ಕಾಯಿಲೆಯಲ್ಲಿ ನಿದ್ದೆ ತಪ್ಪಿದರೆ ಉನ್ಮಾದ ಮರುಕಳಿಸುವ ಸಾಧ್ಯತೆ ಜಾಸ್ತಿ. ಹಾಗಾಗಿ ರಾತ್ರಿ ಪಾಳಿ ಸದ್ಯಕ್ಕೆ ಬೇಡ. ಇನ್ನು ಇದಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವಿಪರೀತ ಬೆವರಿ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ರಕ್ತದಲ್ಲಿ ಅದರ ಮಟ್ಟ ಏರಬಹುದು. ಕೈ ನಡುಗುವುದು, ವಾಂತಿ, ತೂರಾಡುವುದು ಶುರುವಾಗಬಹುದು. ಅಂಥವರಿಗೆ ನೀರು ಕುಡಿಯಲು ಬಿಡುವು ಬೇಕು, ಆಗಾಗ ರಕ್ತ ಪರೀಕ್ಷೆಗೆ ಅರ್ಧ ದಿನ ರಜೆ ಬೇಕು. ಕುಲುಮೆಯ ಮುಂದೆ ನಿಲ್ಲುತ್ತಾರೆ ಅಂತ ನನಗೆ ಹೇಳದಿದ್ದರೆ ಇದನ್ನೆಲ್ಲ ನಾನು ಹೇಗೆ ಬರೆಯಲಿ?

ಇನ್ನೊಂದು ಉದಾಹರಣೆ ಕೊಡುತ್ತೇನೆ. ರಾತ್ರಿ ನುಂಗಿದ ಕೆಲವು ಮಾತ್ರೆಗಳ ಮಂಪರು ಬೆಳಿಗ್ಗೆವರೆಗೂ ಇರುತ್ತದೆ. ಹತ್ತಕ್ಕೆ ಆಫೀಸಿಗೆ ಹೋಗುವವರು ಕಾಫಿ ಕುಡಿದು ಸುಧಾರಿಸಿಕೊಳ್ಳಬಹುದು. ಬೆಳಿಗ್ಗೆ ಆರಕ್ಕೆ ಪವರ್ ಪ್ರೆಸ್ ಮುಂದೆ ಕೂರುವವರು ಬೆರಳು ಕಳೆದುಕೊಳ್ಳಬಹುದು. ಬಸ್ ಓಡಿಸುವವರು, ಬಂದೂಕು ಹಿಡಿದು ಕಾವಲು ಕಾಯುವವರು ಬಂದರೆ ನಾನು ಇನ್ನೂ ನಿಧಾನಿಸುತ್ತೇನೆ. ಮತ್ತೆ ಮತ್ತೆ ಕರೆಸುತ್ತೇನೆ, ಬೈಸಿಕೊಳ್ಳುತ್ತೇನೆ.

ಕೆಲಸ ಮಾಡುವವರ ಕಡೆಯೂ ತಕರಾರಿದೆ. ‘ಸರ್, ಡಿಪ್ರೆಶನ್ ಅಂತ ಬೇಡ, ಟೈಫಾಯ್ಡ್ ಅಂತ ಹಾಕಿ.’ ಒಬ್ಬರು ಸ್ಲಿಪ್ ಡಿಸ್ಕ್ ಕೇಳಿದರು. ಆಫೀಸಿನಲ್ಲಿ ಅಷ್ಟು ಹೊತ್ತಿಗೇ ಸೊಂಟ ಹಿಡಿದುಕೊಂಡು ಓಡಾಡಲು ಶುರು ಮಾಡಿದ್ದರಂತೆ! ಸುಳ್ಳು ಬರೆಯಲಾರೆ. ಆದರೆ ಅವರ ಭಯ ಸುಳ್ಳಲ್ಲ. ನಮ್ಮ ಊರಿನಲ್ಲಿ ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಅನ್ನುವುದು ಇವತ್ತಿಗೂ ಬೈಗುಳ. ‘ನನ್ನ ಚಿಕಿತ್ಸೆಯಲ್ಲಿದ್ದಾರೆ, ವಿಶ್ರಾಂತಿ ಅಗತ್ಯ’ ಅಂತಷ್ಟೇ ಬರೆಯುತ್ತೇನೆ. ಲೆಟರ್‌ಹೆಡ್ ಮೇಲೆ ಮನೋವೈದ್ಯ ಅಂತ ಅಚ್ಚಾಗಿದೆಯಲ್ಲ ಅನ್ನುತ್ತಾರೆ. ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆ ಪತ್ರ ಎಚ್‌ಆರ್ ಫೈಲಿನಲ್ಲಿ ಉಳಿಯಬೇಕು, ಟೀಮಿನ ವಾಟ್ಸಾಪ್ ಗ್ರೂಪಿಗೆ ಹೋಗಬಾರದು ಅಂತ ಕೇಳಿಕೊಳ್ಳಬಹುದು, ಅಷ್ಟೇ.

ಭಯಕ್ಕೆ ರಾಜೀನಾಮೆ ಕೊಟ್ಟು ಬಂದವರನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅದರಲ್ಲೂ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದ್ದವರು. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ದೀರ್ಘಕಾಲದ ಕಾಯಿಲೆಗಳಿಗೆ ವಿಸ್ತರಿಸಿದ ಸೌಲಭ್ಯ ಬೇರೆ ಇದೆ. ಆ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆಗಳೂ ಇವೆ. ಷರತ್ತುಗಳಿರುತ್ತವೆ, ಇಎಸ್‌ಐ ಕಚೇರಿಯಲ್ಲೇ ವಿಚಾರಿಸಿ. ವಿಚಾರಿಸದೆ ಮಾತ್ರ ರಾಜೀನಾಮೆ ಕೊಡಬೇಡಿ.

ಮ್ಯಾನೇಜರುಗಳಲ್ಲಿ ತೀರಾ ಒಳ್ಳೆಯವರೂ ಇದ್ದಾರೆ. ಅವರದ್ದು ಇನ್ನೊಂದು ಥರದ ಕಾಟ. ‘ಪಾಪ, ಟೆನ್ಶನ್ ಬೇಡ’ ಅಂತ ಎಲ್ಲ ಕೆಲಸ ಕಿತ್ತುಕೊಂಡು ಮೂಲೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಖಿನ್ನತೆಯಿಂದ ಎದ್ದು ಬಂದವರಿಗೆ ‘ನಾನು ಯಾತಕ್ಕೂ ಬಾರದವಳು’ ಅನ್ನುವ ಯೋಚನೆಯೇ ದೊಡ್ಡ ಶತ್ರು. ದಿನವಿಡೀ ಸುಮ್ನೆ ಕೂತರೆ ಅದಕ್ಕೆ ಸಾಕ್ಷಿ ಸಿಕ್ಕ ಹಾಗಾಗುತ್ತದೆ. ಕೆಲಸ ಕೊಡಿ. ಮೊದಲ ವಾರಗಳಲ್ಲಿ ಸ್ವಲ್ಪ ಕಡಿಮೆ ಕೊಡಿ, ಮುಗಿಸಬಹುದಾದದ್ದನ್ನು ಕೊಡಿ, ಆಮೇಲೆ ಏರಿಸಿ. ಮಾತ್ರೆ ನುಂಗುತ್ತಲೇ ಕೆಲಸಕ್ಕೆ ಬರುತ್ತಾರೆ, ಅದಕ್ಕೂ ಗಾಬರಿ ಬೇಡ. ಖಿನ್ನತೆ ಕಡಿಮೆಯಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಔಷಧಿ ಮುಂದುವರಿಸುತ್ತೇವೆ.

ಹಾಗಾಗಿ ಮುಂದಿನ ಸಲ ‘ಸಂಪೂರ್ಣ ಗುಣ’ ಅಂತ ಕೇಳುವ ಬದಲು ಅರ್ಧ ಪುಟ ಬರೆದು ಕಳಿಸಿ. ಶಿಫ್ಟ್ ಯಾವುದು, ಯಂತ್ರ ಇದೆಯಾ, ವಾಹನ ಓಡಿಸಬೇಕಾ, ರಾತ್ರಿ ಫೋನ್ ಎತ್ತಬೇಕಾ, ಮನೆಯಿಂದ ಆಫೀಸಿಗೆ ಎಷ್ಟು ದೂರ. ಎರಡು ದಿನ ಮೊದಲೇ ಕಳಿಸಿದರೆ ಒಳ್ಳೆಯದು. ಶನಿವಾರ ಸಂಜೆ ಕ್ಲಿನಿಕ್ ಬಾಗಿಲು ಹಾಕುವಾಗ ಬಂದು ‘ಸೋಮವಾರ ಜಾಯ್ನಿಂಗ್ ಸರ್’ ಅಂದರೆ ಸೋಮವಾರದ ಪತ್ರ ಮಂಗಳವಾರವೇ ಸಿಗುವುದು.